ಕೊಹಿಮಾಗೆ ಹೋದರೆ ಗುಡ್ಡದ ತುದಿಯವರೆಗೂ ಹತ್ತಿ

ನಾಗಾಲ್ಯಾಂಡಿಗೆ ನಾವು ಹೋಗಿದ್ದು ಡಿಸೆಂಬರ್‌ನ ಹಾರ್ನ್‌ಬಿಲ್ ಹಬ್ಬಕ್ಕೆ. ಕಿಸಾಮಾದಲ್ಲಿ ಕುಣಿತ, ಹಾಡು, ಹೊಗೆಯಲ್ಲಿ ಒಣಗಿಸಿದ ಮಾಂಸದ ಊಟ, ಎಲ್ಲ ಚೆನ್ನಾಗಿತ್ತು. ಅದರ ಬಗ್ಗೆ ಬರೆದವರು ಬೇಕಾದಷ್ಟು ಜನ ಇದ್ದಾರೆ. ನಾನು ಹೇಳಬೇಕಾಗಿರುವುದು ಕೊಹಿಮಾ ಪೇಟೆಯ ನಡುವೆಯೇ ಇರುವ ವಾರ್ ಸಿಮೆಟ್ರಿ, ಅಂದರೆ ಎರಡನೇ ಮಹಾಯುದ್ಧದಲ್ಲಿ ಸತ್ತ ಸೈನಿಕರ ಸ್ಮಶಾನದ ಬಗ್ಗೆ. ಅಲ್ಲಿಗೆ ಬಂದವರಲ್ಲಿ ಹೆಚ್ಚಿನವರು ಕೆಳಗಿನ ಸಾಲುಗಳಲ್ಲಿ ಫೋಟೋ ತೆಗೆದುಕೊಂಡು ವಾಪಸ್ ಹೋಗುತ್ತಿದ್ದರು. ನಮ್ಮವರಲ್ಲಿ ಹೆಚ್ಚಿನವರ ಹೆಸರುಗಳಿರುವುದು ಗುಡ್ಡದ ತುದಿಯಲ್ಲಿ.

ಮೊದಲು ಅಲ್ಲಿ ನಡೆದದ್ದೇನು ಅಂತ ಹೇಳುತ್ತೇನೆ. 1944ರ ಏಪ್ರಿಲ್ ಮೊದಲ ವಾರ ಜಪಾನಿನ 31ನೇ ಡಿವಿಜನ್, ಸುಮಾರು 15,000 ಸೈನಿಕರು, ಬರ್ಮಾದಿಂದ ಚಿಂದ್ವಿನ್ ನದಿ ದಾಟಿ, ಬೆಟ್ಟ ಕಾಡು ಹಾದು ಕೊಹಿಮಾ ಮುಟ್ಟಿದರು. ಇಷ್ಟು ದೊಡ್ಡ ಸೇನೆ ಆ ಬೆಟ್ಟಗಳನ್ನು ದಾಟಿ ಬರಬಹುದು ಅಂತ ಬ್ರಿಟಿಷರು ಎಣಿಸಿರಲಿಲ್ಲ. ಕೊಹಿಮಾ ಕೈತಪ್ಪಿದರೆ ಇಂಫಾಲಕ್ಕೆ ಹೋಗುವ ರಸ್ತೆ ಮುಚ್ಚುತ್ತದೆ, ಕೆಳಗೆ ರೈಲು ಮತ್ತು ದೊಡ್ಡ ಉಗ್ರಾಣಗಳಿದ್ದ ದಿಮಾಪುರಕ್ಕೆ ದಾರಿ ತೆರೆಯುತ್ತದೆ. ಅದನ್ನು ತಡೆಯಲು ಆಗ ಅಲ್ಲಿದ್ದದ್ದು ಬ್ರಿಟಿಷರ ಸೇನೆಯ ಕಡೆಯ ಸುಮಾರು 2,500 ಜನ. ಅವರಲ್ಲೂ ಎಷ್ಟೋ ಜನ ಬಂದೂಕು ಹಿಡಿದು ಕಾದಾಡುವವರಲ್ಲ, ಕಚೇರಿ, ಸಾಮಾನು ಸಾಗಣೆ, ಆಸ್ಪತ್ರೆ ಕೆಲಸದವರು.

ಡೆಪ್ಯುಟಿ ಕಮಿಷನರ್ ಬಂಗಲೆಯ ಟೆನಿಸ್ ಕೋರ್ಟಿನ ಈ ತುದಿಯಲ್ಲಿ ಇವರು, ಆ ತುದಿಯಲ್ಲಿ ಜಪಾನೀಯರು. ಅಷ್ಟು ಹತ್ತಿರದಿಂದ ದಿನಗಟ್ಟಲೆ ಗ್ರೆನೇಡ್ ಎಸೆದಾಡಿದ್ದಾರೆ. ಕುಡಿಯುವ ನೀರಿಗೂ ತತ್ವಾರ. ಗಾಯಾಳುಗಳು ಮಲಗಿದ್ದ ಗುಂಡಿಗಳಿಗೂ ಶೆಲ್ ಬೀಳುತ್ತಿತ್ತು, ಒಮ್ಮೆ ಗಾಯವಾಗಿ ಮಲಗಿದವನಿಗೆ ಮತ್ತೆ ಗಾಯ. ಏಪ್ರಿಲ್ 18ರ ಹೊತ್ತಿಗೆ ಹೊರಗಿನಿಂದ ನೆರವು ಬಂದು ತಲುಪಿತು, ಆದರೆ ಆ ಟೆನಿಸ್ ಕೋರ್ಟನ್ನು ವಾಪಸ್ ಪಡೆದದ್ದು ಮೇ ತಿಂಗಳಲ್ಲಿ, ಗುಡ್ಡದ ಮೇಲೆ ಟ್ಯಾಂಕ್ ತಂದ ಮೇಲೆ. ಇಂಫಾಲದ ರಸ್ತೆ ತೆರೆದದ್ದು ಜೂನ್ 22ಕ್ಕೆ.

ಈಗಿನ ಸಿಮೆಟ್ರಿಯೊಳಗೇ ಇರುವ ಆ ಕೋರ್ಟಿನ ಗೆರೆಗಳನ್ನು ಈಗಲೂ ಬಿಳಿ ಪಟ್ಟಿಯಲ್ಲಿ ಗುರುತು ಮಾಡಿಟ್ಟಿದ್ದಾರೆ. ನಾನು ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದು ನೋಡಿದೆ. ಕೆಲವೇ ಹೆಜ್ಜೆ. ಆ ದೂರದಲ್ಲಿ ಎದುರಿನವನು ಕೆಮ್ಮಿದರೂ ಕೇಳಿಸುತ್ತದೆ ಅಲ್ವಾ?

ಗುಡ್ಡವನ್ನು ಮೆಟ್ಟಿಲು ಮೆಟ್ಟಿಲಾಗಿ ಮಾಡಿ ಸಮಾಧಿಗಳನ್ನು ಸಾಲಾಗಿ ಇಟ್ಟಿದ್ದಾರೆ, ಒಟ್ಟು 1,420. ಎದ್ದು ನಿಂತ ದೊಡ್ಡ ಕಲ್ಲುಗಳಲ್ಲ, ನೆಲಕ್ಕೆ ಹತ್ತಿರದ ಚಿಕ್ಕ ಕಲ್ಲು, ಅದರ ಮೇಲೆ ಕಂಚಿನ ಫಲಕ. ಹಾಗಾಗಿ ಓದಲು ಬಗ್ಗಲೇಬೇಕು. ಕೆಲವು ಫಲಕಗಳಲ್ಲಿ ಮನೆಯವರು ಬರೆಸಿದ ಒಂದೆರಡು ಸಾಲುಗಳಿವೆ. ವಯಸ್ಸು ನೋಡಿದರೆ ಹೊಟ್ಟೆ ತೊಳಸುತ್ತದೆ, ನಮ್ಮ ಕಾಲೇಜು ಹುಡುಗರ ವಯಸ್ಸು.

ಇನ್ನೂ ಮೇಲೆ ಹತ್ತಿದರೆ, ಎಲ್ಲಕ್ಕಿಂತ ಎತ್ತರದ ಜಾಗದಲ್ಲಿ, ದಹನ ಮಾಡಲಾದ 917 ಹಿಂದೂ ಮತ್ತು ಸಿಖ್ ಸೈನಿಕರ ಸ್ಮಾರಕ ಇದೆ. ಅವರವರ ಧರ್ಮದಂತೆ ಅವರ ದೇಹಗಳನ್ನು ಸುಟ್ಟಿದ್ದರಿಂದ ಸಮಾಧಿ ಇಲ್ಲ, ಹೆಸರು ಮಾತ್ರ. ಸಾಲು ಸಾಲು ಹೆಸರು. ನಾನು ಅಲ್ಲಿದ್ದಷ್ಟು ಹೊತ್ತು ಬೇರೆ ಯಾರೂ ಮೇಲಕ್ಕೆ ಬರಲಿಲ್ಲ, ಇದು ನನಗೆ ನಿಜಕ್ಕೂ ಬೇಜಾರಾದ ವಿಷಯ.

ನಾವು ಇವರನ್ನು ಮರೆತದ್ದಕ್ಕೆ ಒಂದು ಕಾರಣ ನನಗೆ ಅರ್ಥವಾಗುತ್ತದೆ. ಇವರು ಕಾದಾಡಿದ್ದು ಬ್ರಿಟಿಷರ ಸೇನೆಯಲ್ಲಿ. ಅದೇ ಹೊತ್ತಿಗೆ ಎದುರು ಪಕ್ಷದಲ್ಲಿ, ಜಪಾನೀಯರ ಜೊತೆ, ನೇತಾಜಿಯವರ ಆಜಾದ್ ಹಿಂದ್ ಫೌಜ್ ಇತ್ತು, 1944ರ ಏಪ್ರಿಲ್‌ನಲ್ಲೇ ಮಣಿಪುರದ ಮೊಯಿರಾಂಗಿನಲ್ಲಿ ಬಾವುಟ ಹಾರಿಸಿತ್ತು. ನೇತಾಜಿಯವರ ಕತೆ ಕೇಳುತ್ತಾ ಬೆಳೆದ ನಮಗೆ ಈ ಕಡೆಯವರನ್ನು ಎಲ್ಲಿ ಇಡಬೇಕು ಅಂತ ಗೊತ್ತಾಗಲಿಲ್ಲ, ಸುಮ್ನೆ ಬಿಟ್ಟುಬಿಟ್ಟೆವು. ಆದರೆ ಎರಡನೇ ಮಹಾಯುದ್ಧದಲ್ಲಿ ಸೈನ್ಯ ಸೇರಿದ ಸುಮಾರು 25 ಲಕ್ಷ ಭಾರತೀಯರಲ್ಲಿ ಹೆಚ್ಚಿನವರು ಹಳ್ಳಿಗಳ ಹುಡುಗರು. ಸಂಬಳಕ್ಕೆ, ಮನೆತನದ ರೂಢಿಗೆ, ಹೀಗೆ ನಾನಾ ಕಾರಣಕ್ಕೆ ಹೋದವರು. ಇಬ್ಬರನ್ನೂ ನೆನೆಯಲು ನಮ್ಮಲ್ಲಿ ಜಾಗ ಇರಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ನಾಗಾ ಜನರನ್ನಂತೂ ಬಿಡಲೇಬಾರದು. ಯುದ್ಧ ಅವರದ್ದಲ್ಲ, ಊರು ಮಾತ್ರ ಅವರದ್ದು. ದಾರಿ ತೋರಿಸಿದವರು, ಸಾಮಾನು ಹೊತ್ತವರು, ಗುಂಡು ಹಾರುತ್ತಿರುವಾಗ ಗಾಯಾಳುಗಳನ್ನು ಹೊತ್ತು ಕೆಳಗಿಳಿಸಿದವರು ಅವರೇ. ಕೊನೆಗೆ ಊರೇ ನೆಲಸಮವಾಯಿತು. ಜಪಾನೀಯರ ಕಡೆಯೂ ನೋವು ಕಡಿಮೆ ಇಲ್ಲ. ಊಟ, ಮದ್ದುಗುಂಡು ಬಾರದೆ ಹಸಿದ ಸೈನಿಕರನ್ನು ಅವರ ಕಮಾಂಡರ್ ಸಾಟೊ ಮೇಲಿನವರ ಆದೇಶ ಮೀರಿ ವಾಪಸ್ ಕರೆದುಕೊಂಡು ಹೊರಟರು.

ಹೋಗುವವರಿಗೆ ಒಂದೆರಡು ಮಾತು. ಇನ್ನರ್ ಲೈನ್ ಪರ್ಮಿಟ್, ಅಂದರೆ ರಾಜ್ಯದೊಳಗೆ ಹೋಗಲು ಸರ್ಕಾರದ ಅನುಮತಿ ಪತ್ರ, ಭಾರತೀಯರಿಗೂ ಬೇಕು, ಮೊದಲೇ ಆನ್‌ಲೈನಲ್ಲಿ ಮಾಡಿಸಿಕೊಳ್ಳಿ. ದಿಮಾಪುರದ ತನಕ ರೈಲು ಅಥವಾ ವಿಮಾನ, ಅಲ್ಲಿಂದ ಶೇರ್ ಟ್ಯಾಕ್ಸಿ. ಡಿಸೆಂಬರಲ್ಲಿ ನಾಲ್ಕೂವರೆಗೆಲ್ಲ ಕತ್ತಲಾಗುತ್ತದೆ, ಹಬ್ಬ ಮುಗಿಸಿ ಸಂಜೆ ನೋಡೋಣ ಅಂದುಕೊಂಡರೆ ಆಗುವುದಿಲ್ಲ. ಹಬ್ಬ ನಡೆಯುವ ಕಿಸಾಮಾ ಕೊಹಿಮಾದಿಂದ ಬರೀ 12 ಕಿಲೋಮೀಟರ್, ಆದರೂ ಹಬ್ಬದ ದಿನಗಳಲ್ಲಿ ರಸ್ತೆ ತುಂಬಿರುತ್ತದೆ. ಬೆಳಿಗ್ಗೆ ಮೊದಲು ಸಿಮೆಟ್ರಿಗೆ ಹೋಗಿ, ಆಮೇಲೆ ಹಬ್ಬಕ್ಕೆ.