ಸೇನೆ ಕೊಟ್ಟ ದುಡ್ಡು ಎಷ್ಟು, ಕೊಂಡ ಸರಕು ಎಷ್ಟು

ಅಮೆರಿಕದ ರಕ್ಷಣಾ ವೆಚ್ಚ ಅಂದ ಕೂಡಲೇ ಕಣ್ಣ ಮುಂದೆ ಬರುವುದು ಯುದ್ಧವಿಮಾನ, ಹಡಗು, ಕ್ಷಿಪಣಿ. ನಾನು ಮಾತ್ರ ಕೆಲವು ವರ್ಷಗಳಿಂದ ಒಂದು ಸಣ್ಣ ಸಾಲಿನ ಹಿಂದೆ ಬಿದ್ದಿದ್ದೇನೆ. ಅಲ್ಲಿನ ವಾಣಿಜ್ಯ ಇಲಾಖೆಯ ಬ್ಯೂರೋ ಆಫ್ ಎಕನಾಮಿಕ್ ಅನಾಲಿಸಿಸ್ ಜಿಡಿಪಿ ಲೆಕ್ಕದ ಜೊತೆಗೆ ಕೊಡುವ ಕೋಷ್ಟಕಗಳಲ್ಲಿ, 3.11 ಅಂತ ಶುರುವಾಗುವ ಗುಂಪಿನಲ್ಲಿ ಅದು ಸಿಗುತ್ತದೆ. ರಕ್ಷಣೆಗಾಗಿ ಕೊಂಡ ಬಾಳಿಕೆ ಬರದ ಸರಕು, ಅಂದರೆ ಬಳಸಿದರೆ ಮುಗಿದುಹೋಗುವ ವಸ್ತುಗಳು. ಅದರಡಿ ಮೂರೇ ಬಾಬ್ತು: ಪೆಟ್ರೋಲಿಯಂ ಉತ್ಪನ್ನ, ಮದ್ದುಗುಂಡು, ಮತ್ತೆ ಇತರೆ.

ಒಟ್ಟು ವೆಚ್ಚದಲ್ಲಿ ಇದರ ಪಾಲು ತೀರಾ ಚಿಕ್ಕದು. ಆದರೂ ಸೇನೆ ದಿನನಿತ್ಯ ಎಷ್ಟು ಓಡಾಡುತ್ತಿದೆ, ಎಷ್ಟು ಸುಡುತ್ತಿದೆ ಅನ್ನುವುದು ಇಲ್ಲೇ ಕಾಣುತ್ತದೆ ಅಂತ ನನಗೆ ಅನ್ನಿಸುತ್ತದೆ. ಆದರೆ ಬೆಲೆಯೇರಿಕೆಯನ್ನು ಕಳೆದು ನೋಡಿದರೆ ಮಾತ್ರ.

ಒಂದು ಲೆಕ್ಕ ಹಾಕೋಣ. ಒಂದು ವರ್ಷ ಗ್ಯಾಲನ್‌ಗೆ 2 ಡಾಲರ್‌ನಂತೆ 100 ಗ್ಯಾಲನ್ ಇಂಧನ ಕೊಂಡರು. ಖರ್ಚು 200 ಡಾಲರ್. ಮುಂದಿನ ವರ್ಷ ಬೆಲೆ 3 ಡಾಲರ್ ಆಯಿತು, ಕೊಂಡಿದ್ದು 90 ಗ್ಯಾಲನ್. ಖರ್ಚು 270. ಸುಮ್ನೆ ಡಾಲರ್ ನೋಡಿದವರು ಖರ್ಚು ಶೇ 35 ಏರಿತು, ಸೇನೆ ದೊಡ್ಡದೇನೋ ಶುರು ಮಾಡಿದೆ ಅಂತಾರೆ. ನಿಜಕ್ಕೂ ಕೊಂಡ ಎಣ್ಣೆ ಶೇ 10 ಕಡಿಮೆ! ಇದು ಬರೀ ಕಾಗದದ ಲೆಕ್ಕ ಅಂದುಕೊಳ್ಳಬೇಡಿ. 2008ರ ಜುಲೈನಲ್ಲಿ ಕಚ್ಚಾ ತೈಲ ಬ್ಯಾರೆಲ್‌ಗೆ 147 ಡಾಲರ್ ಮುಟ್ಟಿತ್ತು, ಅದೇ ಡಿಸೆಂಬರ್ ಹೊತ್ತಿಗೆ 40 ಡಾಲರ್‌ಗಿಂತ ಕೆಳಗೆ ಬಿದ್ದಿತ್ತು. ಅಂಥ ವರ್ಷದಲ್ಲಿ ಬರೀ ಖರ್ಚಿನ ಗೆರೆ ನೋಡಿ ಸೇನೆಯ ಬಗ್ಗೆ ಮಾತಾಡಿದರೆ, ನಾವು ಮಾತಾಡಿದ್ದು ತೈಲ ಮಾರುಕಟ್ಟೆಯ ಬಗ್ಗೆ, ಅಲ್ವಾ?

ಬೆಲೆಯೇರಿಕೆ ಕಳೆಯಲು ಎಷ್ಟೋ ಜನ ಗ್ರಾಹಕ ಬೆಲೆ ಸೂಚ್ಯಂಕದಿಂದ ಭಾಗಿಸಿಬಿಡುತ್ತಾರೆ. ಅದು ತಪ್ಪು. ಆ ಸೂಚ್ಯಂಕದಲ್ಲಿ ಮನೆ ಬಾಡಿಗೆ ಇದೆ, ಊಟ ಇದೆ, ಆಸ್ಪತ್ರೆ ಖರ್ಚಿದೆ. ವಿಮಾನದ ಇಂಧನಕ್ಕೂ ಬಾಡಿಗೆಗೂ ಏನು ಸಂಬಂಧ? ಬ್ಯೂರೋ ಈ ಸರಕಿಗೇ ಬೇರೆ ಬೆಲೆ ಸೂಚ್ಯಂಕ ಇಟ್ಟಿದೆ. ಅದನ್ನೇ ಬಳಸಿ.

ನಾನು ಎಡವಿದ್ದು ಇನ್ನೊಂದು ಕಡೆ. 2023ರ ಸೆಪ್ಟೆಂಬರ್‌ನಲ್ಲಿ ಬ್ಯೂರೋ ಆಧಾರ ವರ್ಷವನ್ನು, ಅಂದರೆ ಯಾವ ವರ್ಷದ ಬೆಲೆಗೆ ಹೋಲಿಸಿ ಲೆಕ್ಕ ಹಾಕುತ್ತಾರೋ ಆ ವರ್ಷವನ್ನು, 2012ರಿಂದ 2017ಕ್ಕೆ ಬದಲಿಸಿತು. ನನ್ನ ಶೀಟಿನಲ್ಲಿ ಮೇಲಿನ ಸಾಲುಗಳೆಲ್ಲ 2012ರ ಡಾಲರ್, ಕೊನೆಗೆ ಅಂಟಿಸಿದ ಸಾಲು 2017ರ ಡಾಲರ್. ಗ್ರಾಫಿನ ತುದಿಯಲ್ಲಿ ಒಂದು ಮೆಟ್ಟಿಲು ಎದ್ದು ನಿಂತಿತ್ತು, ಅದಕ್ಕೆ ಕಾರಣ ಹುಡುಕುತ್ತಾ ಒಂದು ಇಡೀ ಸಂಜೆ ಯುದ್ಧದ ಸುದ್ದಿಗಳನ್ನು ಓದಿದೆ. ಈಗ ಹಳೆಯದಕ್ಕೆ ಹೊಸದು ಸೇರಿಸುವುದೇ ಇಲ್ಲ, ಪ್ರತಿ ಸಲ ಇಡೀ ಸರಣಿಯನ್ನೇ ಮತ್ತೆ ಇಳಿಸಿಕೊಳ್ಳುತ್ತೇನೆ. ಹಾಗೆಯೇ, ತ್ರೈಮಾಸಿಕ ಅಂಕಿಗಳೆಲ್ಲ ವಾರ್ಷಿಕ ದರದಲ್ಲಿರುತ್ತವೆ, ಅಂದರೆ ಆ ಮೂರು ತಿಂಗಳ ವೇಗದಲ್ಲೇ ಇಡೀ ವರ್ಷ ಖರ್ಚು ಮಾಡಿದರೆ ಎಷ್ಟಾಗುತ್ತದೆ ಅನ್ನುವ ಲೆಕ್ಕ. ನಾಲ್ಕನ್ನೂ ಕೂಡಿದರೆ ವರ್ಷದ ಖರ್ಚು ನಾಲ್ಕು ಪಟ್ಟಾಗುತ್ತದೆ, ಸರಾಸರಿ ತೆಗೆಯಬೇಕು. ಇನ್ನು ಇವು ಚೈನ್ಡ್ ಡಾಲರ್‌ಗಳು, ಅಂದರೆ ಯಾವ ಸರಕಿಗೆ ಎಷ್ಟು ತೂಕ ಅನ್ನುವುದು ಕಾಲಕಾಲಕ್ಕೆ ಬದಲಾಗುತ್ತಾ ಹೋಗುತ್ತದೆ, ಹಾಗಾಗಿ ಇಂಧನ, ಮದ್ದುಗುಂಡು, ಇತರೆ ಮೂರನ್ನೂ ಕೂಡಿದರೆ ಒಟ್ಟು ಮೊತ್ತಕ್ಕೆ ತಾಳೆಯಾಗುವುದಿಲ್ಲ. ಗಾಬರಿಯಾಗಬೇಡಿ.

ನನಗೆ ಜಾಸ್ತಿ ಕುತೂಹಲ ಹುಟ್ಟಿಸಿದ್ದು ಮದ್ದುಗುಂಡಿನ ವಿಷಯ. ಕನಿಷ್ಠ ಮೂರು ವರ್ಷ ಬಾಳುವುದು ಬಾಳಿಕೆ ಸರಕು ಅನ್ನುವುದು ಸಾಮಾನ್ಯ ನಿಯಮ. ಫಿರಂಗಿಯ ಶೆಲ್ ಉಗ್ರಾಣದಲ್ಲಿ ಎಷ್ಟೋ ವರ್ಷ ಕೂತಿರುತ್ತದೆ, ಆದರೂ ಅದು ಬಾಳಿಕೆ ಬರದ ಸರಕು. ಒಂದೇ ಸಲ ಹಾರಿ ಮುಗಿದುಹೋಗುವ ಕ್ಷಿಪಣಿ ಮಾತ್ರ ಹೂಡಿಕೆಯ ಲೆಕ್ಕಕ್ಕೆ, ವಿಮಾನ ಹಡಗುಗಳ ಪಕ್ಕಕ್ಕೆ ಹೋಗುತ್ತದೆ. ಹಾಗಾಗಿ ಯುದ್ಧದಲ್ಲಿ ಎಷ್ಟು ಸಿಡಿಯಿತು ಅಂತ ತಿಳಿಯಬೇಕಾದರೆ ಈ ಒಂದು ಸಾಲು ಸಾಲದು, ಕ್ಷಿಪಣಿಯ ಸಾಲನ್ನೂ ಪಕ್ಕದಲ್ಲಿ ಇಟ್ಟುಕೊಳ್ಳಬೇಕು.

2022ರಲ್ಲಿ ಅಮೆರಿಕ ಸರ್ಕಾರ ತುರ್ತು ತೈಲ ಸಂಗ್ರಹದಿಂದ ಕಚ್ಚಾ ತೈಲ ಮಾರಿತಲ್ಲ, ಅದು ಇಲ್ಲಿ ಕಾಣುತ್ತದಾ ಅಂತ ಕೇಳುವವರಿದ್ದಾರೆ. ಇಲ್ಲ. ಆ ಮಾರಾಟದ ಮೊತ್ತವನ್ನು ರಕ್ಷಣೇತರ ವೆಚ್ಚದಿಂದ ಕಳೆಯುತ್ತಾರೆ. ಎಣ್ಣೆ ಅದೇ, ಪುಟ ಬೇರೆ.