ಬಾಲ ಅಲ್ಲಾಡಿಸದವರ ಜೊತೆ ಬದುಕೋದು

ನಮ್ಮನೆಗೆ ಬಂದವ್ರೆಲ್ಲ ಮುತ್ತಣ್ಣನ ಟ್ಯಾಂಕ್ ಮುಂದೆ ಬಗ್ಗಿ ನೋಡಿ ಮೊದಲು ಕೇಳೋದು ಒಂದೇ ಪ್ರಶ್ನೆ, "ಇದಕ್ಕೆ ನಿಮ್ಮ ಗುರುತು ಸಿಗತ್ತಾ?" ಮುತ್ತಣ್ಣ ಅಂದ್ರೆ ಲೆಪರ್ಡ್ ಗೆಕ್ಕೊ, ಹಳದಿ ಮೈ ಮೇಲೆ ಕಪ್ಪು ಚುಕ್ಕೆ, ದಪ್ಪ ಬಾಲದ ಹಲ್ಲಿ. ಗೋಡೆ ಹಲ್ಲಿಗಿರೋ ಹಾಗೆ ಇವನ ಬೆರಳಲ್ಲಿ ಅಂಟೋ ಪ್ಯಾಡ್ ಇಲ್ಲ, ಹಾಗಾಗಿ ಗಾಜು ಹತ್ತಲ್ಲ, ಮತ್ತೆ ಬಹಳಷ್ಟು ಗೆಕ್ಕೊಗಳಿಗೆ ಇಲ್ಲದ ಕಣ್ಣುರೆಪ್ಪೆ ಇವನಿಗಿದೆ. ಅವನು ನಿಧಾನಕ್ಕೆ ಕಣ್ಣು ಮುಚ್ಚಿ ತೆಗೆದ್ರೆ ಸಾಕು, ಅಯ್ಯೋ ನಗ್ತಿದೆ ನೋಡಿ ಅಂತಾರೆ ಎಲ್ರೂ.

ಗುರುತು ಸಿಗತ್ತೋ ಇಲ್ವೋ ಅನ್ನೋದಕ್ಕೆ ನಾನು ಹೇಳೋದಿಷ್ಟೇ, ನನ್ನ ಕೈ ಟ್ಯಾಂಕ್ ಒಳಗೆ ಬಂದ್ರೆ ಅವನು ಓಡಲ್ಲ, ಹೊಸಬರ ಕೈ ಬಂದ್ರೆ ಬಾಲ ಮೇಲೆತ್ತಿ ನಿಧಾನಕ್ಕೆ ಅತ್ತಿತ್ತ ಆಡಿಸ್ತಾನೆ, ಅದು ಭಯ. ಇದನ್ನ ಪ್ರೀತಿ ಅಂತ ಕರೆಯೋಕೆ ನನಗೆ ಮನಸ್ಸಿಲ್ಲ, ರೂಢಿ ಅಂತ ಬೇಕಾದ್ರೆ ಅನ್ನಿ. ಆದ್ರೆ ಅವನು ನನ್ನನ್ನ ಪ್ರೀತಿಸ್ಬೇಕು ಅಂತ ನಾನು ಅವನನ್ನ ಸಾಕ್ತಾ ಇಲ್ಲ. ನಾಯಿಗೆ ಹೊಟ್ಟೆನೋವು ಬಂದ್ರೆ ಬಂದು ಕಾಲಿಗೆ ಒರಗಿ ಕೂರತ್ತೆ, ಕುಂಯ್ ಅನ್ನತ್ತೆ. ಗೆಕ್ಕೊ, ಮೊಲ, ಪಕ್ಷಿ, ಮೀನು ಯಾವುದೂ ಬಂದು ಹೇಳಲ್ಲ. ಹೇಳದೇ ಇರೋದಷ್ಟೇ ಅಲ್ಲ, ಇನ್ನೊಂದು ಪ್ರಾಣಿಗೆ ಆಹಾರ ಆಗೋ ಜೀವಗಳು ಕಾಯಿಲೆ ಬಂದ್ರೆ ಮುಚ್ಚಿಡ್ತವೆ, ಕಾಡಲ್ಲಿ ಸೋತು ಕೂತಿದ್ದು ಗೊತ್ತಾದ್ರೆ ಬೇಟೆಯಾಡೋ ಪ್ರಾಣಿಗಳು ಅದನ್ನೇ ಮೊದಲು ಹಿಡೀತವಲ್ಲ. ಹಾಗಾಗಿ ನಮಗೆ ಏನೋ ಸರಿಯಿಲ್ಲ ಅಂತ ಅನ್ನಿಸೋ ಹೊತ್ತಿಗೆ ಎಷ್ಟೋ ಸಲ ತುಂಬಾ ಮುಂದಕ್ಕೆ ಹೋಗಿರತ್ತೆ. ನನ್ನ ಪ್ರಕಾರ ಇಂಥ ಪ್ರಾಣಿ ಸಾಕೋದು ಅಂದ್ರೆ ದಿನಾ ಗಮನಿಸೋದು, ಮುದ್ದು ಮಾಡೋದೆಲ್ಲ ಆಮೇಲೆ.

ಮೊಲಗಳಿಂದ ಶುರು ಮಾಡ್ತೀನಿ, ಯಾಕಂದ್ರೆ ಮೊಲ ಅಂದ್ರೆ ಮಕ್ಕಳಿಗೆ ಕೊಡಿಸೋ ಸುಲಭದ ಪ್ರಾಣಿ ಅನ್ನೋ ನಂಬಿಕೆ ಎಲ್ಲಾ ಕಡೆ ಇದೆ, ಅದು ನನಗೆ ತುಂಬಾ ಬೇಜಾರು ತರಿಸೋ ವಿಷಯ. ನಮ್ಮನೇಲಿ ಎರಡಿದಾರೆ, ಬೂದಿ ಮತ್ತೆ ಪುಟ್ಟಿ. ಬೆಳಗ್ಗೆ ಎದ್ದ ತಕ್ಷಣ ನಾನು ನೋಡೋದು ಅವ್ರ ಮುಖ ಅಲ್ಲ, ಟ್ರೇನಲ್ಲಿರೋ ಹಿಕ್ಕೆ. ದುಂಡಗೆ, ಒಂದೇ ಅಳತೇಲಿ, ಒತ್ತಿದ್ರೆ ಹುಲ್ಲಿನ ಪುಡಿಯಾಗಿ ಉದುರೋ ಹಾಗಿದ್ರೆ ಮೊಲ ಚೆನ್ನಾಗಿದೆ ಅಂತ ಅರ್ಥ. ಸಣ್ಣ ಆಗ್ತಾ ಬಂದ್ರೆ, ಅಳತೆ ಏರುಪೇರಾದ್ರೆ, ಕೂದಲಿನ ಎಳೇಲಿ ಮಣಿ ಪೋಣಿಸಿದ ಹಾಗೆ ಒಂದಕ್ಕೊಂದು ಅಂಟ್ಕೊಂಡು ಬಂದ್ರೆ, ಎಚ್ಚರ. ಇನ್ನೊಂದು ಥರದ್ದೂ ಇದೆ, ಮೆತ್ತಗೆ, ಹೊಳಪಾಗಿ, ಗೊಂಚಲಿನ ಹಾಗಿರತ್ತೆ, ಅದನ್ನ ಮೊಲ ನೇರವಾಗಿ ಬಾಯಿ ಹಾಕಿ ತಿಂದ್ಬಿಡತ್ತೆ. ಹೊಸದಾಗಿ ಸಾಕೋರು ನೋಡಿ ಛೀ ಅಂತಾರೆ, ತಡೀಬೇಡಿ, ಮೊದಲ ಸಲ ಹೊಟ್ಟೆಗೆ ಹೋದಾಗ ಸಿಗದ ಪ್ರೋಟೀನ್, ಬಿ ವಿಟಮಿನ್‌ಗಳು ಅದಕ್ಕೆ ಸಿಗೋದು ಹಾಗೇನೇ. ಆ ಮೆತ್ತಗಿನದು ತಿನ್ನದೆ ನೆಲದ ಮೇಲೆ ಬಿದ್ದಿದ್ರೆ ಮಾತ್ರ ಯೋಚ್ನೆ ಮಾಡ್ಬೇಕು, ಒಂದೋ ಸಿಹಿ, ಪೆಲೆಟ್ (ಗುಳಿಗೆ ಥರದ ಒಣ ಆಹಾರ) ಜಾಸ್ತಿ ಆಗಿದೆ, ಇಲ್ಲಾ ಮೈ ದಪ್ಪ ಆಗಿಯೋ ನೋವಿಗೋ ಬಗ್ಗೋಕೆ ಆಗ್ತಿಲ್ಲ.

ಮೊಲದ ಊಟದಲ್ಲಿ ಹೆಚ್ಚುಕಮ್ಮಿ ನೂರಕ್ಕೆ 80 ಭಾಗ ಒಣಹುಲ್ಲೇ ಇರ್ಬೇಕು. ಕ್ಯಾರೆಟ್ ಅನ್ನೋದು ಸಿಹಿತಿಂಡಿ, ಚಿತ್ರಗಳಲ್ಲಿ ನೋಡಿ ಅದೇ ಊಟ ಅಂದ್ಕೊಂಡಿರೋರು ಬಹಳ ಜನ. ಅದರ ಹಲ್ಲು ಬದುಕಿರೋವರೆಗೂ ಬೆಳೀತಾನೇ ಇರತ್ತೆ, ಮುಂದಿನ ಹಲ್ಲಂತೂ ವಾರಕ್ಕೆ 2-3 ಮಿಲಿಮೀಟರ್, ಅದು ಸವೀಬೇಕು ಅಂದ್ರೆ ನಾರಿರೋ ಹುಲ್ಲನ್ನ ಗಂಟೆಗಟ್ಟಲೆ ಅಗೀಬೇಕು. ಕರುಳು ಮುಂದಕ್ಕೆ ತಳ್ತಾ ಇರೋಕೂ ಆ ನಾರೇ ಬೇಕು. ಮೊಲಕ್ಕೆ ವಾಂತಿ ಮಾಡೋಕೆ ಬರಲ್ಲ, ಒಳಗೆ ಹೋಗಿದ್ದು ಹಿಂದಿನಿಂದಾನೇ ಬರ್ಬೇಕು, ಕರುಳು ನಿಂತ್ರೆ ಜೀವಕ್ಕೇ ಕುತ್ತು.

ಬೂದಿಗೆ ಒಂದ್ಸಲ ಹಾಗಾಯ್ತು. ಸಾಯಂಕಾಲ ಸೊಪ್ಪಿನ ಕವರ್ ಸದ್ದಾದ್ರೆ ಎಲ್ಲಿದ್ರೂ ಓಡಿ ಬರೋನು ಅವತ್ತು ಬರ್ಲಿಲ್ಲ, ಮೂಲೇಲಿ ಮೈ ಮುದುಡಿ ಕೂತಿದ್ದ, ಕಣ್ಣು ಅರ್ಧ ಮುಚ್ಚಿ, ಹೊಟ್ಟೆ ನೆಲಕ್ಕೆ ಒತ್ಕೊಂಡು, ಹತ್ರ ಕಿವಿ ಇಟ್ರೆ ಹಲ್ಲು ಕಡಿಯೋ ಸದ್ದು. ತಲೆ ಸವರಿದಾಗ ಸಣ್ಣಗೆ ಕಟಕಟ ಅಂದ್ರೆ ಅದು ಖುಷಿ, ಇದು ಹಾಗಿರ್ಲಿಲ್ಲ, ಗಟ್ಟಿಯಾಗಿ, ಬಿಟ್ಟು ಬಿಟ್ಟು ಕಡೀತಿದ್ದ. ಬೆಳಗ್ಗೆ ನೋಡ್ತೀನಿ ಅಂತ ಬಿಡೋ ವಿಷಯ ಅಲ್ಲ ಇದು, ಮೊಲ 12 ಗಂಟೆ ಏನೂ ತಿನ್ಲಿಲ್ಲ ಅಂದ್ರೇನೇ ತುರ್ತು ಅಂತ ಲೆಕ್ಕ, ಅದೇ ರಾತ್ರಿ ಡಾಕ್ಟ್ರ ಹತ್ರ ಹೋದ್ವಿ. ನೋವಿನ ಇಂಜೆಕ್ಷನ್, ಚರ್ಮದ ಕೆಳಗೆ ಫ್ಲೂಯಿಡ್, ಕರುಳು ಚಲಿಸೋಕೆ ಔಷಧಿ, ಹುಲ್ಲಿನ ಪುಡಿ ನೀರಲ್ಲಿ ಕಲಸಿ ಸಿರಿಂಜ್‌ನಲ್ಲಿ ಬಾಯಿ ಪಕ್ಕದಿಂದ ಸ್ವಲ್ಪ ಸ್ವಲ್ಪ ತಿನ್ನಿಸೋದು. ಕಾರಣ ಹುಡುಕಿದ್ರೆ ಬಾಯೊಳಗೆ, ದವಡೆ ಹಲ್ಲಿನ ಅಂಚು ಮುಳ್ಳಿನ ಹಾಗೆ ಬೆಳೆದು ನಾಲಿಗೆ ಕೊರೀತಿತ್ತು, ಹೊರಗಿಂದ ಕಾಣೋದೇ ಇಲ್ಲ ಅದು, ಹುಟ್ಟಿನಿಂದ್ಲೇ ದವಡೆ ಸ್ವಲ್ಪ ಸೊಟ್ಟ ಅಂದ್ರು ಡಾಕ್ಟ್ರು. ಮಾರನೇ ದಿನ ಟ್ರೇನಲ್ಲಿ ಪುಟ್ಟಪುಟ್ಟ ಹಿಕ್ಕೆ ಕಂಡಾಗ ನಾನು ಮನೆಯವ್ರನ್ನೆಲ್ಲ ಕರೆದು ತೋರಿಸ್ದೆ. ಈಗ ಆಗಾಗ ಹಲ್ಲು ತೋರಿಸಿ ತೇಯಿಸ್ಕೊಂಡು ಬರ್ತೀವಿ.

ಪುಟ್ಟಿ ಇರೋದೂ ಬೂದಿಗೋಸ್ಕರಾನೇ. ಮೊಲ, ಗಿನಿ ಪಿಗ್ ಇವೆಲ್ಲ ಗುಂಪಲ್ಲಿ ಬದುಕೋವು, ಒಂದನ್ನೇ ತಂದು ಪಂಜರದಲ್ಲಿ ಕೂರಿಸಿ ನಾನು ದಿನಾ ಮಾತಾಡಿಸ್ತೀನಿ ಅಂದ್ರೆ ಸಾಲಲ್ಲ. ಸ್ವಿಟ್ಜರ್ಲೆಂಡ್‌ನಲ್ಲಿ 2008ರ ಪ್ರಾಣಿ ರಕ್ಷಣೆ ನಿಯಮಗಳ ಪ್ರಕಾರ ಗಿನಿ ಪಿಗ್ ಒಂಟಿಯಾಗಿ ಸಾಕೋ ಹಾಗೇ ಇಲ್ಲ, ಇದು ಎಲ್ಲಾ ಕಡೆ ಬರ್ಬೇಕು ಅಂತ ನನ್ನಾಸೆ. ಹಾಗಂತ ಮೊಲಕ್ಕೆ ಗಿನಿ ಪಿಗ್ ಜೋಡಿ ಮಾಡೋದೂ ತಪ್ಪು, ಊಟಾನೇ ಬೇರೆ, ನಮ್ಮ ದೇಹದ ಥರಾನೇ ಗಿನಿ ಪಿಗ್ ದೇಹಕ್ಕೂ ವಿಟಮಿನ್ ಸಿ ತಯಾರಿಸ್ಕೊಳ್ಳೋಕೆ ಬರಲ್ಲ, ದಿನಾ ಹೊರಗಿಂದ ಕೊಡ್ಬೇಕು, ಮೇಲೆ ಮೊಲ ಒದ್ರೆ ಅದಕ್ಕೆ ಮೂಳೆ ಮುರಿಯತ್ತೆ.

ಮುತ್ತಣ್ಣನ ವಿಷಯಕ್ಕೆ ಬರೋಣ. ಅವನ ಲೆಕ್ಕಪತ್ರ ಎಲ್ಲಾ ಬಾಲದಲ್ಲಿದೆ, ಕೊಬ್ಬು ಕೂಡಿಡೋದು ಅಲ್ಲೇ, ಬಾಲ ತೆಳ್ಳಗಾಗ್ತಾ ಬಂದ್ರೆ ಏನೋ ಆಗಿದೆ ಅಂತಾನೇ. ಆದ್ರೆ ಕಣ್ಣಳತೆ ನಂಬೋಕಾಗಲ್ಲ, ಅಡುಗೆ ತಕ್ಕಡಿ ಥರದ್ದೇ ಒಂದು ಗ್ರಾಂ ತಕ್ಕಡಿ ಇಟ್ಕೊಂಡಿದೀನಿ, ಡಬ್ಬಿಯೊಳಗೆ ಕೂರಿಸಿ ವಾರಕ್ಕೊಮ್ಮೆ ತೂಕ ಬರೆದಿಡ್ತೀನಿ. ಸರೀಸೃಪಗಳ ಮೈಗೆ ತನ್ನದೇ ಬಿಸಿ ಇಲ್ಲ, ಹೊಟ್ಟೆ ತುಂಬಾ ತಿಂದ್ರೂ ಬೆಚ್ಚಗಿನ ಜಾಗ ಇಲ್ಲಾಂದ್ರೆ ಅರಗಲ್ಲ. ಅದಕ್ಕೆ ಟ್ಯಾಂಕಿನ ಒಂದು ತುದಿ 32 ಡಿಗ್ರಿ ಹತ್ರ ಇರ್ಬೇಕು, ಇನ್ನೊಂದು ತುದಿ 25ರ ಆಸುಪಾಸು, ಯಾವ ಹೊತ್ತಿಗೆ ಎಲ್ಲಿರ್ಬೇಕು ಅನ್ನೋದನ್ನ ಅವನೇ ತೀರ್ಮಾನ ಮಾಡ್ಬೇಕು. ಹೀಟ್ ಮ್ಯಾಟ್ ಹಾಕಿ, ಬಿಸಿ ಮಿತಿಮೀರದ ಹಾಗೆ ತಡೆಯೋ ಥರ್ಮೋಸ್ಟಾಟ್ ಹಾಕದೇ ಇರೋರನ್ನ ನೋಡಿದ್ರೆ ನನಗೆ ಸಿಟ್ಟೇ ಬರತ್ತೆ, ಹೊಟ್ಟೆ ಸುಟ್ಟು ಬೊಬ್ಬೆ ಬಂದಿರೋ ಹಲ್ಲಿಗಳ ಫೋಟೋ ಒಂದ್ಸಲ ನೋಡಿ ಗೊತ್ತಾಗತ್ತೆ. ತಿನ್ನೋ ಹುಳಗಳಿಗೂ ಮೊದಲು ಚೆನ್ನಾಗಿ ತಿನ್ನಿಸಿ, ಕ್ಯಾಲ್ಸಿಯಂ ಮತ್ತೆ ಡಿ3 ಪುಡಿ ಸವರಿ ಕೊಡ್ಬೇಕು, ಇಲ್ಲಾಂದ್ರೆ ಮೂಳೆ ರಬ್ಬರ್ ಆಗಿ ದವಡೆ, ಕಾಲು ಸೊಟ್ಟ ಆಗತ್ತೆ. ತಿಂದು ಉಳಿದ ಮಿಡತೆನೋ ಜೀರುಂಡೆನೋ ಒಳಗೇ ಬಿಡ್ಬಾರ್ದು, ಮಲಗಿರೋ ಗೆಕ್ಕೊನ ಅವೇ ಕಚ್ತವೆ.

ಪೊರೆ ಬಿಡೋ ದಿನ ನೋಡ್ಬೇಕು ಅವನನ್ನ. ಹಳದಿ ಎಲ್ಲಾ ಮಾಸಿ ಮೈ ಬೆಳ್ಳಗೆ ಪುಡಿ ಹಚ್ಚಿದ ಹಾಗಾಗತ್ತೆ, ಒದ್ದೆ ಪಾಚಿ ಹಾಕಿಟ್ಟಿರೋ ಗೂಡೊಳಗೆ ಹೋಗಿ ಮೂತಿ ಕಲ್ಲಿಗೆ ಉಜ್ಜಿ ಉಜ್ಜಿ ತುಟಿ ಹತ್ರ ಬಿಡಿಸ್ಕೊಂಡು, ಆಮೇಲೆ ಹಲ್ಲಲ್ಲಿ ಹಿಡ್ದು ಒಂದೊಂದೇ ಕಾಲಿನಿಂದ ಕಾಲುಚೀಲ ಎಳೆದ ಹಾಗೆ ಎಳೆದು, ಎಳೆದಿದ್ದನ್ನ ನುಂಗಿ, ಅರ್ಧ ಗಂಟೇಲಿ ಹೊಸ ಬಣ್ಣದಲ್ಲಿ ಹೊರಗೆ ಬರ್ತಾನೆ. ಆಗ ನನ್ನ ಕೆಲ್ಸ ಬೆರಳುಗಳನ್ನ ನೋಡೋದು. ಬೆರಳ ತುದೀಲಿ ಸಣ್ಣ ಉಂಗುರದಷ್ಟು ಹಳೇ ಚರ್ಮ ಉಳ್ಕೊಂಡ್ರೆ ಅದು ಒಣಗಿ ಬಿಗೀತಾ ಹೋಗಿ ರಕ್ತ ನಿಂತು ಬೆರಳೇ ಉದುರಿ ಹೋಗತ್ತೆ. ಉಗುರುಬೆಚ್ಚಗಿನ ನೀರಲ್ಲಿ ಸ್ವಲ್ಪ ಹೊತ್ತು ನಿಲ್ಲಿಸಿ, ಒದ್ದೆ ಕಾಟನ್ ಬಡ್‌ನಿಂದ ಮೆಲ್ಲಗೆ ಉಜ್ಜಿದ್ರೆ ಬರತ್ತೆ, ಒಣಗಿದ್ದಾಗ ಎಳೀಲೇಬಾರ್ದು.

ಮೀನಿನ ಬಗ್ಗೆ ಹೇಳೋದು ಒಂದೇ, ಅಲ್ಲಿ ನಾವು ಸಾಕೋದು ಮೀನಿಗಿಂತ ಮೊದಲು ನೀರನ್ನ. ಮೀನು ಉಸಿರಾಡೋವಾಗ ಕಿವಿರಿಂದಾನೇ ಅಮೋನಿಯಾ ಬಿಡತ್ತೆ, ಫಿಲ್ಟರ್‌ನಲ್ಲಿ ನೆಲೆಯಾದ ಬ್ಯಾಕ್ಟೀರಿಯಾ ಅದನ್ನ ನೈಟ್ರೈಟ್ ಮಾಡಿ, ಆಮೇಲೆ ಅಷ್ಟು ಹಾನಿ ಮಾಡದ ನೈಟ್ರೇಟ್ ಮಾಡ್ತವೆ. ಆ ಬ್ಯಾಕ್ಟೀರಿಯಾ ಬೆಳೆಯೋಕೆ ಸಾಮಾನ್ಯವಾಗಿ 4ರಿಂದ 6 ವಾರ ಬೇಕು, ಟ್ಯಾಂಕ್ ಮತ್ತೆ ಮೀನು ಒಂದೇ ದಿನ ತಂದ್ರೆ ಮೀನು ತನ್ನ ವಿಷದಲ್ಲೇ ಮುಳುಗತ್ತೆ. ಫಿಲ್ಟರ್ ಸ್ಪಂಜನ್ನ ಕ್ಲೋರಿನ್ ಇರೋ ನಲ್ಲಿ ನೀರಲ್ಲಿ ತೊಳೀಬೇಡಿ, ಟ್ಯಾಂಕಿಂದ ತೆಗೆದ ನೀರಲ್ಲೇ ಹಿಂಡಿ. ಗೋಲ್ಡ್‌ಫಿಶ್ ದುಂಡು ಬೌಲಲ್ಲಿ ಇಡೋ ಪದ್ಧತಿ ನಿಂತು ಹೋಗ್ಲಿ ಅಂತ ಮನಸಾರೆ ಕೇಳ್ಕೊಳ್ತೀನಿ, ಜಾಗ ಇದ್ರೆ ಅದು 10-15 ವರ್ಷ ಬದುಕೋ ದೊಡ್ಡ ಮೀನು.

ಪಕ್ಷಿ ಸಾಕೋರು ನಾನ್‌ಸ್ಟಿಕ್ ಪಾತ್ರೆ ಮನೇಲಿ ಇಟ್ಕೊಳ್ಳದೇ ಇರೋದೇ ಒಳ್ಳೇದು. ಖಾಲಿ ತವಾ ಮಿತಿಮೀರಿ ಕಾದ್ರೆ ಅದರ ಕೋಟಿಂಗಿಂದ ಬರೋ ಹೊಗೆ ನಮಗೆ ವಾಸನೇನೂ ಬರ್ದೇ ಇರ್ಬಹುದು, ಬಜ್ರಿಗರ್ ಅನ್ನೋ ಪುಟ್ಟ ಸಾಕು ಗಿಳಿ ಮಾತ್ರ ನಿಮಿಷಗಳಲ್ಲಿ ಸಾಯಬಹುದು, ಅದರ ಶ್ವಾಸಕೋಶ ಅಷ್ಟು ಸೂಕ್ಷ್ಮ. 30-40 ಗ್ರಾಂ ತೂಗೋ ಪಕ್ಷಿಗೆ 3-4 ಗ್ರಾಂ ಇಳಿದ್ರೇನೇ ಹತ್ತರಲ್ಲಿ ಒಂದು ಭಾಗ ಹೋಯ್ತು ಅಂತ ಅರ್ಥ, ಪುಕ್ಕ ಉಬ್ಬಿಸ್ಕೊಂಡಿದ್ರೆ ಹೊರಗೆ ಗೊತ್ತೂ ಆಗಲ್ಲ.

ಒಂದು ಕಾಲದಲ್ಲಿ ಹರ್ಮಿಟ್ ಕ್ರ್ಯಾಬ್, ಅಂದ್ರೆ ಖಾಲಿ ಶಂಖದೊಳಗೆ ಸೇರ್ಕೊಂಡು ನೆಲದ ಮೇಲೆ ಬದುಕೋ ಏಡಿ, ಕೂಡ ಇತ್ತು, ಪರಿಚಯದವ್ರ ಮಗುಗೆ ಆಸಕ್ತಿ ಹೋಗಿ ನಮ್ಮನೆಗೆ ಬಂದಿದ್ದು. ಅದು ಉಸಿರಾಡೋದು ಕಿವಿರಲ್ಲೇ, ಗಾಳಿ ಒದ್ದೆ ಇಲ್ಲಾಂದ್ರೆ ನಿಧಾನಕ್ಕೆ ಉಸಿರುಕಟ್ಟಿ ಸಾಯತ್ತೆ, ಸಿಹಿನೀರು ಉಪ್ಪುನೀರು ಎರಡೂ ಬೇಕು, ಮೈಗಿಂತ ಆಳಕ್ಕೆ ಒದ್ದೆ ಮರಳು ಬೇಕು. ಪೊರೆ ಕಳಚೋಕೆ ಅಂತ ಮರಳೊಳಗೆ ಹೋದ್ರೆ ವಾರಗಟ್ಟಲೆ ಪತ್ತೆ ಇರಲ್ಲ, ಸತ್ತೇ ಹೋಯ್ತು ಅಂತ ಅಗೆದು ತೆಗೆಯೋರು ಆ ಮೆತ್ತಗಿನ ಜೀವವನ್ನ ತಾವೇ ಕೊಲ್ತಾರೆ. ಅಂಗಡೀಲಿ ಬಣ್ಣ ಬಳಿದ ಶಂಖದಲ್ಲಿ ಮಾರೋ ಇವು ಹೆಚ್ಚಿನವು ಸಮುದ್ರದ ದಡದಿಂದ ಹಿಡಿದು ತಂದಿದ್ದು. ಕೊಂಡು ತರೋದು ಬೇಡ ಅಂತಾನೇ ನಾನು ಎಲ್ರಿಗೂ ಹೇಳೋದು, ಸಾಕೋಕೆ ಆಗ್ದೇ ಬಿಟ್ಟಿರೋರ ಹತ್ರ ಇದ್ರೆ ತಂದು ಚೆನ್ನಾಗಿ ನೋಡ್ಕೊಳ್ಳಿ.

ಇದೇ ಮನೇಲಿ ಬೆಕ್ಕೂ ಇದಾಳೆ, ಕಾಳಿ. ಅವಳು ಹೇಳಬೇಕಾದ್ದನ್ನೆಲ್ಲ ಜೋರಾಗೇ ಹೇಳ್ತಾಳೆ. ಆದ್ರೆ ಮೊಲದ ರೂಮಿಗೆ, ಗೆಕ್ಕೊ ರೂಮಿಗೆ ಅವಳಿಗೆ ಪ್ರವೇಶ ಇಲ್ಲ, "ಒಟ್ಟಿಗೆ ಮಲಗಿರೋ ವಿಡಿಯೋ ಎಷ್ಟು ಚೆನ್ನಾಗಿರತ್ತೆ" ಅಂತ ಯಾರೇ ಹೇಳಿದ್ರೂ ಇಲ್ಲ. ಬೆಕ್ಕಿನ ಹಲ್ಲು ಸೂಜಿಯಷ್ಟು ತಾಗಿದ್ರೂ ಅದರ ಬಾಯಿನ ಬ್ಯಾಕ್ಟೀರಿಯಾ ಚಿಕ್ಕ ಪ್ರಾಣಿ ರಕ್ತಕ್ಕೆ ಹೋದ್ರೆ ಸಾಯಬಹುದು. ಔಷಧಿಗಳೂ ಹಾಗೇ, ಒಂದರದ್ದು ಇನ್ನೊಂದಕ್ಕೆ ಹಾಕೋ ಹಾಗಿಲ್ಲ: ನಾಯಿ ಚಿಗಟಕ್ಕೆ ಹಾಕೋ ಪರ್ಮೆಥ್ರಿನ್ ಬೆಕ್ಕಿಗೆ ವಿಷ, ಬೆಕ್ಕಿಗೆ ಹಾಕೋ ಫಿಪ್ರೊನಿಲ್ ಮೊಲಕ್ಕೆ ವಿಷ, ನಾವು ತಗೊಳ್ಳೋ ಪ್ಯಾರಾಸೆಟಮಾಲ್ ಒಂದು ಮಾತ್ರೆ ಬೆಕ್ಕನ್ನ ಕೊಲ್ಲತ್ತೆ. ಲಿಲ್ಲಿ ಹೂ ಮನೆಯೊಳಗೇ ಬೇಡ, ಪರಾಗ ಮೈಗಂಟಿದ್ದನ್ನ ನೆಕ್ಕಿದ್ರೂ ಬೆಕ್ಕಿನ ಕಿಡ್ನಿ ಹೋಗತ್ತೆ.

ಹಲ್ಲಿ, ಆಮೆ ಮುಟ್ಟಿದ ಮೇಲೆ ಕೈ ಸೋಪು ಹಾಕಿ ತೊಳೀಲೇಬೇಕು, ಆರೋಗ್ಯವಾಗಿರೋ ಪ್ರಾಣೀಲೂ ಹೊಟ್ಟೆ ಕೆಡಿಸೋ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರ್ಬಹುದು. ಮಕ್ಕಳಿಗೆ ಇದರಿಂದ ಕಾಯಿಲೆ ಬರ್ತಿದ್ದಕ್ಕೇ ಅಮೆರಿಕಾದಲ್ಲಿ 1975ರಲ್ಲಿ 4 ಇಂಚಿಗಿಂತ ಚಿಕ್ಕ ಚಿಪ್ಪಿನ ಆಮೆ ಮಾರೋದನ್ನ ನಿಲ್ಲಿಸಿದ್ದು.

ತರೋಕೆ ಮುಂಚೆ ಎಷ್ಟು ವರ್ಷ ಬದುಕತ್ತೆ ಅಂತ ಕೇಳಿ. ಗೆಕ್ಕೊ 15-20 ವರ್ಷ ಇರತ್ತೆ, ಮೊಲ 8-12, ನೆಲದ ಆಮೆ ನಿಮಗಿಂತ ಜಾಸ್ತಿ ಬದುಕ್ಬಹುದು. ಸೇಂಟ್ ಹೆಲೆನಾ ದ್ವೀಪದ ಜೊನಾಥನ್ ಅನ್ನೋ ದೈತ್ಯ ಆಮೆ 1832ರ ಸುಮಾರಿಗೆ ಹುಟ್ಟಿದ್ದು ಅಂತ ಅಂದಾಜು, ಎಷ್ಟು ತಲೆಮಾರು ಅದನ್ನ ನೋಡ್ಕೊಂಡಿದೆ ಯೋಚ್ನೆ ಮಾಡಿ. ಮತ್ತೆ ನಿಮ್ಮ ಕಡೆ ಆ ಪ್ರಾಣಿ ಸಾಕೋಕೆ ಕಾನೂನು ಬಿಡತ್ತಾ, ಅದನ್ನ ನೋಡೋ ಡಾಕ್ಟ್ರು ಇದಾರಾ ಅಂತ ಪ್ರಾಣಿ ಬರೋಕೆ ಮುಂಚೆ ವಿಚಾರಿಸಿ. ನಾಯಿ ಬೆಕ್ಕು ನೋಡೋರೆಲ್ಲ ಮೊಲ, ಹಲ್ಲಿ ನೋಡಲ್ಲ.

ನಾವು ಊರಿಗೆ ಹೋದಾಗ ಅಕ್ಕನ ಮಗಳು ಬಂದು ನೋಡ್ಕೋತಾಳೆ. ಅವಳಿಗೆ ಒಂದು ನೋಟ್‌ಬುಕ್ ಮಾಡಿ ಕೊಟ್ಟಿದೀನಿ, ಏನು ಹಾಕ್ಬೇಕು ಅನ್ನೋದಕ್ಕಿಂತ ಏನು ನೋಡ್ಬೇಕು ಅನ್ನೋದೇ ಅದ್ರಲ್ಲಿ ಜಾಸ್ತಿ. ಹೋದ ಸಲ ಬೆಳಗ್ಗೆ ಬೆಳಗ್ಗೆ ಮೆಸೇಜ್, "ಚಿಕ್ಕಮ್ಮ, ಪುಟ್ಟಿ ಹಿಕ್ಕೆ ಇವತ್ತು ಸ್ವಲ್ಪ ಸಣ್ಣ ಇದೆ, ಫೋಟೋ ಕಳ್ಸಿದೀನಿ, ಸೊಪ್ಪು ತಿಂದ್ಲು ಆದ್ರೆ ಹುಲ್ಲು ಹಾಗೇ ಇದೆ." ಹುಲ್ಲಿನ ಕಂತೆ ಬದಲಾಯಿಸಿ ಹೊಸದು ಬಿಚ್ಚು ಅಂದೆ, ಹಳೇದು ಧೂಳು ವಾಸನೆ ಬರ್ತಿತ್ತಂತೆ. ಮಧ್ಯಾಹ್ನಕ್ಕೆ ಪುಟ್ಟಿ ಹೊಸ ಹುಲ್ಲೊಳಗೆ ತಲೆ ಹಾಕಿ ತಿಂತಿರೋ ವಿಡಿಯೋ ಬಂತು, ಸಾಯಂಕಾಲಕ್ಕೆ ಟ್ರೇ ಫೋಟೋ, ಎಲ್ಲಾ ಒಂದೇ ಅಳತೆ.