ತೇರಿಗೆ ಎರಡನೇ ಟೇಕ್ ಇಲ್ಲ

ಕಲಬುರಗಿ, 2 ಮಾರ್ಚ್ 2025, ಭಾನುವಾರ

ಶಿವರಾತ್ರಿ ಮುಗಿದು ನಾಲ್ಕು ದಿನ. ಇವತ್ತು ರಂಜಾನ್ ತಿಂಗಳ ಮೊದಲ ರೋಜಾ. ಬರುವ ಬುಧವಾರ ಕ್ರೈಸ್ತರ ಉಪವಾಸದ ಕಾಲ ಲೆಂಟ್ ಶುರು. ಹೋಳಿ ಹುಣ್ಣಿಮೆ ದಾಟಿದರೆ ಶರಣಬಸವೇಶ್ವರರ ತೇರು. ಭಕ್ತಿಯ ಮೇಲೊಂದು ಕಿರುಚಿತ್ರ ಮಾಡಬೇಕು ಅಂತ ಕೂತಿರುವ ಹುಡುಗ ಹುಡುಗಿಯರಿಗೆ ಇದಕ್ಕಿಂತ ಒಳ್ಳೆಯ ತಿಂಗಳು ಸಿಗಲಿಕ್ಕಿಲ್ಲ. ಆದರೆ ಕ್ಯಾಮೆರಾ ಬಾಡಿಗೆಗೆ ತರುವ ಮುಂಚೆ ಕಥೆ ಕುದುರಬೇಕು.

ಇಂಥ ಸ್ಕ್ರಿಪ್ಟುಗಳು ಎಡವುವುದು ಹೆಚ್ಚಾಗಿ ಒಂದೇ ಜಾಗದಲ್ಲಿ, ಪವಾಡದಲ್ಲಿ. ತೊಗರಿ ನೆಟೆ ರೋಗಕ್ಕೆ ಒಣಗಿದೆ, ಮನೆಯಾಕೆ ದಾಸೋಹಕ್ಕೆ ಒಂದು ಚೀಲ ಜೋಳ ಕೊಡುವ ಹರಕೆ ಹೊತ್ತಿದ್ದಾಳೆ ಅಂತಿಟ್ಟುಕೊಳ್ಳಿ. ಒಂಬತ್ತನೇ ನಿಮಿಷಕ್ಕೆ ಸ್ವಾಮಿಗಳು ಬಂದು ವಿಭೂತಿ ಹಚ್ಚುತ್ತಾರೆ, ಹತ್ತನೇ ನಿಮಿಷಕ್ಕೆ ಹೊಲ ಹಸಿರು. ನೆಟೆ ಹತ್ತಿ ಒಣಗಿದ ಗಿಡ ಮತ್ತೆ ಚಿಗುರುವುದಿಲ್ಲ ಅಂತ ನಮ್ಮ ಕಡೆಯ ರೈತರಿಗೆಲ್ಲ ಗೊತ್ತು. ಅಲ್ಲಿಗೆ ಚಿತ್ರ ಮುಗಿದ ಹಾಗೆಯೇ. ಅದರ ಬದಲು ಅದೇ ಹೆಣ್ಣುಮಗಳು ಉಳಿದ ಜೋಳವನ್ನು ಸೇರಿನಲ್ಲಿ ಅಳೆಯಲಿ. ಅರ್ಧ ಮಕ್ಕಳಿಗೆ ಎತ್ತಿಟ್ಟು, ಉಳಿದರ್ಧದ ಹಿಟ್ಟಿಗೆ ರೊಟ್ಟಿ ಬಡಿದು, ಬುಟ್ಟಿ ಹೊತ್ತು ಹೊರಡಲಿ. ಬಡಿಯುತ್ತಲೇ ದೇವರ ಜೊತೆ ಜಗಳ ತೆಗೆಯಲಿ. ದೇವರನ್ನು ತರಾಟೆಗೆ ತೆಗೆದುಕೊಳ್ಳುವ ಸಲುಗೆ ವಚನಕಾರರ ಕಾಲದಿಂದಲೂ ನಮ್ಮದು. ನೋಡುವವರ ಕೊರಳು ತುಂಬಿ ಬರುವುದು ಆ ಅಳತೆಯ ಹೊತ್ತಿನಲ್ಲಿ, ಮಾತಿಲ್ಲದೆ.

ಹನ್ನೆರಡು ನಿಮಿಷ ಸಾಕು. ಪುಟಕ್ಕೊಂದು ನಿಮಿಷ ಎನ್ನುವ ಲೆಕ್ಕ ಇಂಗ್ಲಿಷ್ ಟೈಪ್‌ರೈಟರ್ ಕಾಲದ್ದು, ಕನ್ನಡ ಅಕ್ಷರಕ್ಕೆ ಹೊಂದುವುದಿಲ್ಲ. ಸ್ಟಾಪ್‌ವಾಚ್ ಹಿಡಿದು ಗಟ್ಟಿಯಾಗಿ ಓದಿ, ನಡೆಯುವ, ಕೂರುವ ಸಮಯವನ್ನೂ ಸೇರಿಸಿ. ಮೂರು ಸಾಲು ಮೀರಿದ ಮಾತು ಸಾಮಾನ್ಯವಾಗಿ ಪ್ರವಚನ. ಹೊಡೆದು ಹಾಕಿ. ಭಾಷೆಯಲ್ಲೂ ಮೋಸ ಆಗುತ್ತದೆ. ನಮ್ಮ ಹೆಣ್ಣುಮಕ್ಕಳು ದೇವರಿಗೆ ‘ನಿನಗ ಕಣ್ಣಿಲ್ಲೇನೋ ಯಪ್ಪಾ’ ಅನ್ನುತ್ತಾರೆ, ಸ್ವಾಮಿಗಳಿಗೆ ‘ಬರ್ರಿ ಅಪ್ಪಾವ್ರೆ, ಕುಂದರ್ರಿ’ ಅನ್ನುತ್ತಾರೆ. ಎರಡನ್ನೂ ‘ತಾವು’ ಮಾಡಿದರೆ ಪಾತ್ರ ಅಲ್ಲೇ ಸತ್ತಿತು. ಮುಸ್ಲಿಂ ಮನೆಯ ದೃಶ್ಯಕ್ಕೆ ಇಲ್ಲಿನ ಆಡುಮಾತಾದ ದಖನಿ ಬರೆಯಿರಿ, ಮುಂಬೈ ಸಿನಿಮಾದ ಉರ್ದು ಬೇಡ.

ಆಚರಣೆ ತಪ್ಪಿದರೆ ಜನ ಕ್ಷಮಿಸುವುದಿಲ್ಲ, ಕ್ಷಮಿಸಲೂಬಾರದು. ಪೂಜೆ ಮಾಡುವಾಗ ಇಷ್ಟಲಿಂಗ ಇರುವುದು ಎಡ ಅಂಗೈಯಲ್ಲಿ. ಶೂಟಿಂಗಿನಲ್ಲಿ ಸರಿಯಾಗಿದ್ದದ್ದು ಎಡಿಟಿಂಗಿನಲ್ಲಿ ಕೆಡುತ್ತದೆ: ನೋಟದ ದಿಕ್ಕು ಹೊಂದಿಸಲು ಶಾಟನ್ನು ಕನ್ನಡಿಯ ಹಾಗೆ ಫ್ಲಿಪ್ ಮಾಡಿದರೆ ಲಿಂಗ ಬಲಗೈಗೆ ಬಂದು ಕೂರುತ್ತದೆ. ನಮಾಜಿಗೆ ಮುಂಚೆ ವಜೂ ಮಾಡುವಾಗ, ಅಂದರೆ ಮೈ ತೊಳೆದುಕೊಳ್ಳುವಾಗ, ಕೈ, ಬಾಯಿ, ಮೂಗು, ಮುಖ, ಮೊಣಕೈವರೆಗೆ ತೋಳು, ತಲೆ, ಕಾಲು, ಇದೇ ಕ್ರಮ. ಎಡಿಟರ್ ಚಂದಕ್ಕೆಂದು ಹಿಂದೆಮುಂದೆ ಮಾಡಿದರೆ ನಮಾಜಿ ತಕ್ಷಣ ಹಿಡಿಯುತ್ತಾನೆ. ಆಯಾ ಸಮುದಾಯದ ಇಬ್ಬರನ್ನು, ಅದರಲ್ಲೂ ಒಬ್ಬ ಹೆಣ್ಣುಮಗಳನ್ನು, ಸ್ಕ್ರಿಪ್ಟ್ ಹಂತದಲ್ಲಿ ಒಮ್ಮೆ, ಮೊದಲ ಒರಟು ಜೋಡಣೆಯ, ಅಂದರೆ ರಫ್ ಕಟ್ ಹಂತದಲ್ಲಿ ಇನ್ನೊಮ್ಮೆ ಕೂರಿಸಿ ತೋರಿಸಿ. ಈ ತಿಂಗಳು ಇಫ್ತಾರ್ ದೃಶ್ಯ ಇದ್ದರೆ ಇನ್ನೊಂದು ಮಾತು. ಸೂರ್ಯ ಮುಳುಗುವುದು ಆರೂವರೆ ಸುಮಾರಿಗೆ, ಆಮೇಲೆ ಬೆಳಕು ಉಳಿಯುವುದು ಇಪ್ಪತ್ತು ನಿಮಿಷ. ರೋಜಾ ಇರುವ ಕಲಾವಿದರನ್ನು ಮಧ್ಯಾಹ್ನದ ಬಿಸಿಲಿಗೆ ಕರೆಯಬೇಡಿ.

ಇನ್ನು ತೇರು. ಬೀದಿಗೆ ಬಂದ ಮೇಲೆ ಅದನ್ನು ನಿಲ್ಲಿಸಿ ‘ಇನ್ನೊಮ್ಮೆ’ ಅನ್ನಲು ಯಾರಿಂದಲೂ ಆಗುವುದಿಲ್ಲ. ಹಾಗಾಗಿ ಎರಡು ಕ್ಯಾಮೆರಾ: ಒಂದು ಮಾಳಿಗೆಯ ಮೇಲೆ, ಮನೆಯವರನ್ನು ಮೊದಲೇ ಕೇಳಿಟ್ಟು. ಇನ್ನೊಂದು ಗಾಲಿಯ ಎತ್ತರಕ್ಕೆ, ಆದರೆ ಹಗ್ಗದಾಚೆ, ಲಾಂಗ್ ಲೆನ್ಸ್‌ನಲ್ಲಿ. ಬಾಳೆಹಣ್ಣು, ಉತ್ತತ್ತಿ ಎಸೆಯುತ್ತಾರೆ, ಲೆನ್ಸಿಗೆ ಯುವಿ ಫಿಲ್ಟರ್ ಇರಲಿ. ರಾತ್ರಿ ಸೀರಿಯಲ್ ಲೈಟು, ಟ್ಯೂಬ್‌ಲೈಟಿನ ಕೆಳಗೆ ಸೆಕೆಂಡಿಗೆ 25 ಫ್ರೇಮ್, ಶಟರ್ 1/50 ಇಡಿ. 24 ಫ್ರೇಮ್‌ಗೆ 1/48 ಇಟ್ಟರೆ ನಮ್ಮ 50 ಹರ್ಟ್ಸ್ ಕರೆಂಟಿಗೆ ಬೆಳಕು ಮಿಣಮಿಣ ಅನ್ನುವ ಅಪಾಯ ಉಂಟು. ಜಾತ್ರೆಯ ಮೈಕಿನಲ್ಲಿ ಸಿನಿಮಾ ಹಾಡು ಹಾಕಿರುತ್ತಾರೆ. ಆ ಧ್ವನಿ ಬಳಸಿದರೆ ಹಕ್ಕಿನ ತಕರಾರು ಬರುತ್ತದೆ. ಡೊಳ್ಳು, ಜನರ ಜೈಕಾರ ಬೇರೆ ಹೊತ್ತಿನಲ್ಲಿ ರೆಕಾರ್ಡರಿನಲ್ಲಿ ಹಿಡಿದಿಟ್ಟುಕೊಳ್ಳಿ. ವಚನಕ್ಕೆ ಹಕ್ಕುದಾರರಿಲ್ಲ ನಿಜ, ಅದಕ್ಕೆ ಹಾಕಿದ ರಾಗಸಂಯೋಜನೆಗೆ ಮತ್ತು ರೆಕಾರ್ಡಿಂಗಿಗೆ ಇರುತ್ತಾರೆ.

ಅಡುಗೆಮನೆಯ ದೃಶ್ಯ ಕೆಡುವುದು ಶಬ್ದದಿಂದ. ಶಹಾಬಾದ್ ಪರಸಿ ಕಲ್ಲು ಹಾಸಿದ ಕೋಣೆ ಗಂಯ್ ಅನ್ನುತ್ತದೆ. ಫ್ರೇಮಿನಾಚೆ ನೆಲಕ್ಕೆ ಎರಡು ಕೌದಿ ಹಾಸಿ, ಒಂದನ್ನು ಎದುರು ಗೋಡೆಗೆ ಇಳಿಬಿಡಿ. ಫ್ಯಾನ್ ಬಂದ್. ರೊಟ್ಟಿ ಬಡಿಯುವ ಸಪ್ಪಳವನ್ನು ಮೈಕ್ ಒಂದು ಮೊಳ ದೂರ ಇಟ್ಟು ಪ್ರತ್ಯೇಕ ರೆಕಾರ್ಡ್ ಮಾಡಿ. ಕೊನೆಗೆ ಎಲ್ಲರೂ ಸುಮ್ಮನಿದ್ದು ಕೋಣೆಯ ಬರಿ ಮೌನವನ್ನು 30 ಸೆಕೆಂಡ್ ಹಿಡಿಯಿರಿ. ಅದಿಲ್ಲದಿದ್ದರೆ ಪ್ರತಿ ಕಟ್ ಕಿವಿಗೆ ಚುಚ್ಚುತ್ತದೆ.

ಬೀದರ್ ಕಡೆ ಹೋಗುವವರಿಗೆ: ಅಷ್ಟೂರಿನಲ್ಲಿರುವ ಬಹಮನಿ ಸುಲ್ತಾನ ಅಹಮದ್ ಶಾ ವಲಿ ಗೋರಿಗೆ ಜಾತ್ರೆಯಲ್ಲಿ ಮಡಿಯಾಳದಿಂದ ಲಿಂಗಾಯತ ಜಂಗಮರು ಬರುತ್ತಾರೆ. ಇದಕ್ಕಿಂತ ಒಳ್ಳೆಯ ವಸ್ತು ಯಾರು ಕೊಟ್ಟಾರು? ಆದರೆ ಗೋರಿಗಳು ಪುರಾತತ್ವ ಸರ್ವೇಕ್ಷಣೆಯ ಸಂರಕ್ಷಿತ ಸ್ಮಾರಕ, ಶೂಟಿಂಗಿಗೆ ಮುಂಚಿತ ಅನುಮತಿ ಬೇಕು. ಡ್ರೋನ್ ಆಸೆ ಬಿಟ್ಟುಬಿಡುವುದೇ ವಾಸಿ, ಬೀದರಿನಲ್ಲಿ ವಾಯುಪಡೆಯ ನೆಲೆ ಇದೆ. ಮತ್ತೆ, ಪಾತ್ರದ ಬಾಯಲ್ಲಿ ‘ನಾವೆಲ್ಲ ಒಂದೇ’ ಅಂತ ಹೇಳಿಸಬೇಡಿ. ಜಂಗಮರು ಬರುವುದನ್ನು ಪೂರ್ತಿ ಒಂದು ನಿಮಿಷ, ಕಟ್ ಇಲ್ಲದೆ ತೋರಿಸಿ.

ಚಿತ್ರ ಥಿಯೇಟರಿಗೆ ಹೋಗುವುದಾದರೆ ಸೆನ್ಸಾರ್ ಪ್ರಮಾಣಪತ್ರ ಕಡ್ಡಾಯ, ಅರ್ಜಿ ಬೆಂಗಳೂರಿನ ಪ್ರಾದೇಶಿಕ ಕಚೇರಿಯ ಮೂಲಕ. ಅದು ಆಮೇಲಿನ ಮಾತು.

ತೇರಿಗೆ ಇನ್ನು ಎರಡು ವಾರಕ್ಕಿಂತ ತುಸು ಹೆಚ್ಚು. ಈ ವಾರ ಸ್ಕ್ರಿಪ್ಟ್ ಓದಿ ಕತ್ತರಿಸಿ, ಮುಂದಿನ ವಾರ ಮಾಳಿಗೆ ಮನೆಯವರನ್ನು ಕಾಣಿ. ಹೋಗುವಾಗ ಕ್ಯಾಮೆರಾ ಒಯ್ಯಬೇಡಿ, ತೇರಿನ ಹೊತ್ತಿಗೆ ಬಿಸಿಲು ಯಾವ ದಿಕ್ಕಿನಿಂದ ಬೀಳುತ್ತದೆ ಅಂತ ಅಲ್ಲಿ ನಿಂತು ನೋಡಿಕೊಂಡು ಬನ್ನಿ.